ಇಮಾಮಸಾಬ ಕೊಟ್ಟ ಒಂದು ನಕ್ಷತ್ರ

ಮಂಗಳ ಗ್ರಹದ ಗಣಿಯಲ್ಲಿ ದುಡಿಯುವವರು ಕೇಳುವ ಹಾಡುಗಳನ್ನು ಗದಗಿನ ತನ್ನ ಪಡಸಾಲೆಯಲ್ಲಿ ಕುಳಿತು ಜೋಡಿಸಿಡುವುದು ಬಸಲಿಂಗವ್ವನ ಕೆಲಸವಾಗಿತ್ತು. ಗಣಿಯವರು ಕೇಳಿದ ಹಾಡಿಗೆ ನಕ್ಷತ್ರ ಕೊಡುತ್ತಿದ್ದರು. ಐದು ಬಂದದ್ದು ಊಟದ ಹೊತ್ತಿನ ಪಟ್ಟಿಗೆ ಹೋಗುತ್ತಿತ್ತು. ಒಂದೇ ಬಂದದ್ದನ್ನು, ಗಣಿಯ ಯಂತ್ರದಲ್ಲಿ ಜಾಗ ಕಡಿಮೆಯಾದ್ದರಿಂದ, ಶನಿವಾರ ನಾಲ್ಕಕ್ಕೆ ಹೊಸ ಹಾಡು ಕಳಿಸುವ ಮೊದಲು ಅವಳು ಅಳಿಸುತ್ತಿದ್ದಳು.

ಆ ಶನಿವಾರ ಒಂದು ಹಾಡಿನ ಮೇಲೆ ಅವಳ ಬೆರಳು ತಡೆಯಿತು. ಒಂದೇ ನಕ್ಷತ್ರ ಕೊಟ್ಟಿದ್ದ ವೆಲ್ಡರ್ ಇಮಾಮಸಾಬ ಅದನ್ನು ನೂರಾ ಹನ್ನೆರಡು ಸಲ ಕೇಳಿದ್ದ. ಹಚ್ಚಿ ನೋಡಿದರೆ, ಯಾರೋ ಹೆಣ್ಣುಮಗಳು ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು.

"ಇಷ್ಟು ಸಲ ಕೇಳಿ ಒಂದ ನಕ್ಷತ್ರ ಯಾಕ ಕೊಟ್ಟೀಯೋ ತಮ್ಮಾ? ಅಳಸಲೇನು?" ಎಂದು ಹೇಳಿ ಕಳಿಸಿದಳು.

ಮಾತು ಅಲ್ಲಿಗೆ ಮುಟ್ಟಲು ಕಾಲು ಗಂಟೆ, ಉತ್ತರ ಬರಲು ಇನ್ನೊಂದು ಕಾಲು ಗಂಟೆ. ಬಸಲಿಂಗವ್ವ ಶೇಂಗಾ ಸುಲಿಯುತ್ತ ಕಾದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಇಮಾಮಸಾಬನ ದನಿ ಬಂತು.

"ಅಳಸಬ್ಯಾಡ್ರಿ ಅಕ್ಕಾರ. ಅದು ನನ್ನ ಹೆಂಡತಿ ದನಿ, ಬರೋವಾಗ ನಾನ ತಂದು ಸೇರಿಸಿದ್ದು. ಐದು ಕೊಟ್ರ ಊಟದಾಗ ಎಲ್ಲಾರ ಮುಂದ ಹಚ್ಚತೀರಿ. ಆಕಿಗೆ ಭಾಳ ನಾಚಿಕಿ. ಒಂದು ಕೊಟ್ರ ಅಳಸತೀರಂತ ಗೊತ್ತಿದ್ದಿಲ್ರಿ."

ಬಸಲಿಂಗವ್ವ ನಕ್ಕು, ಅವನೊಬ್ಬನಿಗೇ ತೆರೆಯುವ ಹೊಸ ಪಟ್ಟಿ ಮಾಡಿ ಆ ಹಾಡನ್ನು ಅದರಲ್ಲಿಟ್ಟಳು. ಆಮೇಲೆ ಅಳಿಸಬೇಕಿದ್ದ ಉಳಿದ ಹನ್ನೊಂದು ಹಾಡುಗಳತ್ತ ನೋಡಿದಳು. ಒಂದನ್ನೂ ಅವಳು ಕೇಳಿರಲಿಲ್ಲ.

"ಹೊಸಾ ಹಾಡು ಸೋಮವಾರ ಬರತಾವು," ಎಂದು ಗಣಿಗೆ ತಿಳಿಸಿ, ಮೊದಲನೆಯದನ್ನು ಹಚ್ಚಿ ಗೋಡೆಗೆ ಒರಗಿ ಕುಳಿತಳು.