ಹಂಚಿಕೊಂಡು ಉಳಿದದ್ದು

ಸಂಜೆ ಭೇಟಿಯ ಹೊತ್ತು. ಎಂದಿನಂತೆ ನೆಂಟರೆಲ್ಲ ವಾರ್ಡಿಗೆ ಬಂದು, ತಮ್ಮ ರೋಗಿಯನ್ನು ಸಾವಿನತ್ತ ಎಳೆಯುವ ತೊಂದರೆಗಳನ್ನು ಒಂದೊಂದಾಗಿ ತಮ್ಮ ಮೈಗೆ ತೆಗೆದುಕೊಳ್ಳುತ್ತಿದ್ದರು. ವಾಸಿಯಾದ ಮೇಲೆ ವಾಪಸು ಕೊಡುವುದು ವಾಡಿಕೆ.

ರಕ್ತಕ್ಕೆ ನಂಜೇರಿ ಮಲಗಿದ್ದ ಕೆಂಪರಾಜುವಿನ ಹೆಂಡತಿ ಸಾಕಮ್ಮ ಮನೆಯವರನ್ನು ಮಂಚದ ಬಳಿ ಸಾಲಾಗಿ ನಿಲ್ಲಿಸಿದ್ದಳು. ಮೈದುನ ಮಾದೇವು ತೋಳು ಚಾಚಿ ಅಣ್ಣನ ಸಕ್ಕರೆ ಕಾಯಿಲೆ ತೆಗೆದುಕೊಂಡ. ನಾಳೆಯಿಂದ ಸಪ್ಪೆ ಕಾಫಿ ಸಾಕೆಂದು ಮನೆಗೆ ಫೋನು ಮಾಡಿದ. ಕೆಟ್ಟ ಕಿಡ್ನಿ ಮಗಳ ಪಾಲಿಗೆ ಬಂತು. ಕೆಂಪರಾಜುವಿನ ವಯಸ್ಸನ್ನು ಮಾತ್ರ ಯಾರೂ ಮುಟ್ಟಲಿಲ್ಲ.

"ನಾಡಿದ್ದು ಮದ್ವೆಗೋಗ್ಬೇಕು, ಫೋಟೊ ತೆಗೀತಾರೆ" ಎಂದು ನಾದಿನಿ ಹಿಂದೆ ಸರಿದಳು.

ಅದನ್ನು ಸಾಕಮ್ಮನೇ ತೆಗೆದುಕೊಂಡಳು. ತಲೆ ಪೂರ್ತಿ ನೆರೆಯಿತು. ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತು ನರ್ಸನ್ನು ಕೇಳಿದಳು: "ಇನ್ನೇನೈತೆ ಸಿಸ್ಟರ್?"

"ತಡವಾಗಿ ಕರ್ಕೊಂಡು ಬಂದಿದ್ದು ಒಂದಿದೆ."

"ಅಮಾಸೆ ಕಳೀಲಿ ಅಂತ ನಾನೇ ನಿಲ್ಲಿಸ್ಕಂಡಿದ್ದೆ. ಅದ್ನೂ ನಂಗೇ ಕೊಡಿ" ಎಂದು ಸಾಕಮ್ಮ ತೋಳು ಚಾಚಿದಳು.

"ಅದು ಬೇರೆಯವ್ರಿಗೆ ದಾಟಲ್ಲಮ್ಮ. ನಿಮ್ಮ ಯಜಮಾನ್ರಲ್ಲೇ ಇರುತ್ತೆ."

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಸಾಕಮ್ಮ ಚಾಚಿದ ತೋಳನ್ನು ಮಡಚಲಿಲ್ಲ.