ಒಡಪಿಲ್ಲದ ಹೆಸರು

ಜಾನಕಿಬಾಯಿ ಸ್ನಾನ ಮಾಡದೆ, ತುಳಸಿಗೆ ನೀರು ಹಾಕದೆ, ಬಿಚ್ಚಿದ ಕೂದಲನ್ನು ಕೈಯಲ್ಲೇ ಸುತ್ತಿಕೊಳ್ಳುತ್ತ ನಾದಿನಿ ನೀಲಾಬಾಯಿಯ ಮನೆಯ ಗೇಟು ನೂಕಿದಾಗ ವಿದ್ಯಾಗಿರಿಯಲ್ಲಿ ಆಗಷ್ಟೇ ಹಾಲಿನವರು ತಿರುಗಾಡತೊಡಗಿದ್ದರು. ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದ ನೀಲಾಬಾಯಿ ಗಾಬರಿಯಾಗಿ ಎದ್ದು ನಿಂತಳು. ಮಡಿಯ ವಿಷಯದಲ್ಲಿ ಎಳ್ಳಷ್ಟೂ ಸಡಿಲು ಬಿಡದ ಅತ್ತಿಗೆ ಈ ಅವತಾರದಲ್ಲಿ ಬೀದಿಗಿಳಿದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನೀಲಾ, ಹೊಳ್ಳಿ ನೋಡಿದ್ರು," ಎಂದಳು ಜಾನಕಿಬಾಯಿ ಏದುಸಿರು ಬಿಡುತ್ತ. "ಖರೇನ ಹೊಳ್ಳಿ ನೋಡಿದ್ರು. ನಕ್ಕರು ಸುದ್ದಾ."

ಯಾರೆಂದು ನೀಲಾಬಾಯಿ ಕೇಳಬೇಕಾಗಿರಲಿಲ್ಲ. ಅಣ್ಣ ತೀರಿಕೊಂಡಂದಿನಿಂದ ಅತ್ತಿಗೆಗೆ ಬೀಳುತ್ತಿದ್ದುದು ಒಂದೇ ಕನಸು. ಮಹಾಕೂಟದ ಗುಡಿಯ ಹೊಂಡ, ಕನಸಿನಲ್ಲಿ ಅದಕ್ಕೆ ಆಚೆಯ ದಡವೇ ಇಲ್ಲ. ತುಂಬ ಗಂಡಸರು ಈಜುತ್ತಿದ್ದಾರೆ. ಅವರ ನಡುವೆ ಯಜಮಾನರು ಬೆನ್ನು ತಿರುಗಿಸಿ ದೂರ ದೂರ ಹೋಗುತ್ತ ಮುಳುಗತೊಡಗುತ್ತಾರೆ. ಮೆಟ್ಟಿಲ ಮೇಲೆ ನಿಂತ ಜಾನಕಿಬಾಯಿ 'ಏನ್ರೀ, ಏನ್ರೀ' ಎಂದು ಕೂಗುತ್ತಾಳೆ. ನೀರಿನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡುತ್ತಾರೆ. ಎಲ್ಲರ ಹೆಂಡಿರೂ ಕರೆಯುವುದು ಹಾಗೆಯೇ ಅಲ್ಲವೆ? ಅವರೊಬ್ಬರು ಮಾತ್ರ ತಿರುಗುವುದಿಲ್ಲ.

ಹೋದ ಜೀವಕ್ಕೆ ನೀರಡಿಕೆಯಾಗಿದೆ ಎಂದು ಮಠದ ಆಚಾರರು ಹೇಳಿದ್ದರು. ನೀಲಾಬಾಯಿಯೂ ಹೌದೆಂದಿದ್ದಳು. ಮಹಾಕೂಟಕ್ಕೇ ಹೋಗಿ ತರ್ಪಣ ಕೊಡಿಸಿದ್ದಾಯಿತು, ತುಂಬಿದ ತಾಮ್ರದ ಕೊಡ ದಾನ ಮಾಡಿದ್ದಾಯಿತು. ಕನಸು ಬಿಡಲಿಲ್ಲ. ಅತ್ತರೆ ಹೋದವರ ದಾರಿಗೆ ತೊಡಕೆಂದು ಜಾನಕಿಬಾಯಿ ಇಷ್ಟು ದಿನ ಕಣ್ಣಲ್ಲಿ ಒಂದು ಹನಿಯನ್ನೂ ತಂದುಕೊಂಡಿರಲಿಲ್ಲ.

"ಇಷ್ಟ ದಿನಾ ಹೊಳ್ಳದ ಅಣ್ಣಾ ಇವತ್ತ ಹೆಂಗ ಹೊಳ್ಳಿದಾ?" ಎಂದಳು ನೀಲಾಬಾಯಿ. "ಏನಂತ ಕರದಿ, ವೈನಿ?"

ಜಾನಕಿಬಾಯಿಯ ಮುಖ ಹೊಸ ಮದುಮಗಳ ಮುಖದಂತೆ ಕೆಂಪೇರಿತು. ಸ್ನಾನ ಮಾಡಿದರೆ ಬುದ್ಧಿ ತಿಳಿಯಾಗಿ, ಹೇಳುವುದು ಬೇಡವೆನಿಸೀತು ಎಂದೇ ಅವಳು ಹಾಗೇ ಓಡಿಬಂದಿದ್ದಳು. ಈಗ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಇವತ್ತು ಅವರು ಕುತ್ತಿಗೆಯವರೆಗೆ ಮುಳುಗಿದ್ದರಂತೆ. ಇನ್ನು ಹೆಸರು ಹಿಡಿದು ಕರೆಯದೆ ಗತಿಯಿಲ್ಲ ಎಂದು ಅವಳಿಗೆ ಹೊಳೆಯಿತು. ಆದರೆ ಗಂಡನ ಹೆಸರು ಅವಳ ನಾಲಿಗೆಗೆ ಬರಿದಾಗಿ ಬಂದದ್ದೇ ಇಲ್ಲ. ಮದುವೆ ಮುಂಜಿಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳೆಂದು ಅಡ್ಡಗಟ್ಟಿದಾಗ ಪ್ರಾಸ ಕೂಡಿಸಿದ ಒಡಪೊಂದನ್ನು ಹೇಳಿ, ಹೋಳಿಗೆಯಲ್ಲಿ ಹೂರಣ ಅಡಗಿಸಿದಂತೆ, ಅದರೊಳಗೆ ಹೆಸರನ್ನು ಅಡಗಿಸಿ ಓಡಿಹೋಗುವವಳು ಅವಳು. ಕನಸಿನಲ್ಲೂ ಮೊದಲು ಒಡಪನ್ನೇ ಹುಡುಕಿದಳು.

"'ಬದಾಮಿ ಕೆರಿಯಾಗ ಅರಳ್ಯಾವ ತಾವರಿ' ಅಂದೆ. ಮುಂದಿಂದು ನೆನಪಾಗವಲ್ದು. ಅವರು ಮುಳಗ್ಲಿಕ್ಹತ್ತಾರ, ನಾ ಪ್ರಾಸಾ ಹುಡುಕ್ಲಿಕ್ಹತ್ತೇನಿ."

ನೀಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಜಾನಕಿಬಾಯಿಯೂ ನಕ್ಕಳು, ಗೇಟಿನ ಕಂಬ ಹಿಡಿದು, ಹೊಟ್ಟೆ ಹಿಡಿದು ನಕ್ಕಳು.

"ಕಡೀಕ ಒಡಪು ಹೊಂಡಕ್ಕ ಬಿತ್ತು. ಬರೇ ಹೆಸರ ಒದರಿಬಿಟ್ಟೆ. ಉಳದ ಗಂಡಸರು ಯಾರೂ ಹೊಳ್ಳಲಿಲ್ಲ, ಅವರೊಬ್ಬರ ಹೊಳ್ಳಿದ್ರು. ಪಾಪ ಬಂತೇನ ನೀಲಾ? ಆಚಾರರನ್ನ ಕೇಳೋಣೇನು?"

ನೀಲಾಬಾಯಿ ಬೆರಳಿಗೆ ಹತ್ತಿದ ರಂಗೋಲಿ ಪುಡಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ವೈನಿ, ಆವತ್ತ ದವಾಖಾನ್ಯಾಗ ಅಣ್ಣನ್ನ ಏನಂತ ಕರದಿದ್ದಿ?"

ಜಾನಕಿಬಾಯಿಯ ನಗು ಅಲ್ಲೇ ನಿಂತಿತು. ಅಂದು ಮಂಚವನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಅವರು ತಲೆಯೆತ್ತಿ ಆಚೆ ಈಚೆ ಹುಡುಕಿದ್ದರು. ಜನರ ಹಿಂದೆ ಸಿಕ್ಕಿಕೊಂಡಿದ್ದ ಅವಳು 'ಏನ್ರೀ' ಎಂದು ಕೂಗಿದಳು. ಯಾರೋ ಅಪರಿಚಿತರು ತಿರುಗಿ ನೋಡಿದರು. ಬಾಗಿಲು ಮುಚ್ಚಿತು. ಮತ್ತೆ ಅದು ತೆರೆದಾಗ ಕರೆಯುವುದಕ್ಕೆ ಯಾರೂ ಉಳಿದಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ದೇವರ ಮುಂದೆಯೂ.

"ನಾ ಅಲ್ಲೇ ಇದ್ದದ್ದು ಅವರಿಗೆ ಗೊತ್ತಾಗ್ಲೇ ಇಲ್ಲ, ನೀಲಾ."

"ಹಂಗಾರ ನೀರಡಿಕಿ ಅಣ್ಣಗ ಆಗಿದ್ದಿಲ್ಲ," ಎಂದಳು ನೀಲಾಬಾಯಿ. "ನಿನ್ನ ಗಂಟಲದಾಗ ಇತ್ತು."

ಅವಳು ಕೈ ಝಾಡಿಸಿಕೊಂಡು ಹೊಸ್ತಿಲು ಹತ್ತಿ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಜಾನಕಿಬಾಯಿ ಮದುಮಗಳಾಗಿ ಮನೆ ತುಂಬಿದ ದಿನ, ಪರಕಾರ ಉಟ್ಟ ಹುಡುಗಿ ನೀಲಾ ಹೀಗೆಯೇ ಅಡ್ಡ ನಿಂತು ಹಟ ಹಿಡಿದಿದ್ದಳು.

"ಹೆಸರ ಹೇಳಿ ಒಳಗ ಬಾ. ಒಡಪು ಬ್ಯಾಡ."

ಜಾನಕಿಬಾಯಿ ಅತ್ತಿತ್ತ ನೋಡಿದಳು. ಪಕ್ಕದ ಮನೆಯ ಮುಂದೆ ಹಾಲಿನವನು ಕ್ಯಾನು ಇಳಿಸುತ್ತಿದ್ದ. ಅವಳು ಕೂದಲನ್ನು ಬಿಗಿಯಾಗಿ ಗಂಟು ಹಾಕಿದಳು, ಸೆರಗು ಹೊದ್ದಳು. ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಹೊಟ್ಟೆಯಾಳದಿಂದ, ಹೊಂಡದ ಆಚೆಯ ದಡಕ್ಕೂ ಮುಟ್ಟುವಂತೆ ಕೂಗಿದಳು.

"ಪಂಢರೀನಾಥ."

ಹಾಲಿನವನ ಕೈ ನಿಂತಿತು. ಇಷ್ಟು ದಿನ ಕಟ್ಟಿದ್ದ ನೀರು ಜಾನಕಿಬಾಯಿಯ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯಿತು. ನೀಲಾಬಾಯಿ, ಅಡ್ಡ ಹಿಡಿದ ಕೈಗಳನ್ನು ಇಳಿಸುವುದನ್ನೂ ಮರೆತು, 'ಬಂದೆ' ಎನ್ನುತ್ತ ಯಾರೋ ಹೊರಗೆ ಬರುವರೆಂಬಂತೆ, ಹೊರಳಿ ಮನೆಯೊಳಗೆ ನೋಡಿದಳು.