ಎರಡು ದಮ್ಮು

ಕೋಣೆಯಲ್ಲಿ ಸಿಗರೇಟು ಸೇದಿದವರನ್ನು ಮುಂದಿನ ಬಂದರಿನಲ್ಲೇ ಇಳಿಸಿಬಿಡುವುದು ಆ ವಿಹಾರದ ಹಡಗಿನ ಕಟ್ಟುನಿಟ್ಟಿನ ನಿಯಮ. ಪಾಯಿಖಾನೆಯ ಬಾಗಿಲು ಹಾಕಿಕೊಂಡು ಎರಡೇ ಎರಡು ದಮ್ಮು ಎಳೆದಿದ್ದ ಶೇಷಗಿರಿ, ಬಿಳಿ ಸಮವಸ್ತ್ರದ ಅಧಿಕಾರಿ ಹೊಸ್ತಿಲಲ್ಲಿ ನಿಂತದ್ದೇ ಜೇಬಿನ ಸಿಗರೇಟು ಪ್ಯಾಕಿನ ಮೇಲೆ ಕೈ ಒತ್ತಿಕೊಂಡ.

“ನಿಮ್ಮ ಪಾಯಿಖಾನೆಯ ಹೊಗೆ ಅಲಾರಂ ಕೂಗಿದೆ. ಸೇದಿದವರು ಯಾರು?” ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ.

ಶೇಷಗಿರಿ ಹೆಂಡತಿಯತ್ತ ತಿರುಗಿದ. ಈ ಸಮುದ್ರಯಾನಕ್ಕೆಂದು ಆಕೆ ಮೂವತ್ತು ವರ್ಷ ಕಾದಿದ್ದಳು.

“ನಿಮ್ಮ ಚಟಕ್ಕಿಷ್ಟು ಬೆಂಕಿ ಹಾಕ! ಬಾಯಿ ಮುಚ್ಕೊಂಡಿರಿ, ನಾನು ಹೇಳ್ತೀನಿ. ಈ ಪರದೇಶದವನಿಗೆ ನಮ್ಮ ಪದ್ಧತಿ ಏನು ಗೊತ್ತು?” ಎಂದು ವಾರಿಜಮ್ಮ ಕನ್ನಡದಲ್ಲಿ ಗದರಿದಳು. ಆಮೇಲೆ ಅಧಿಕಾರಿಗೆ ಕೈ ಮುಗಿದು, ಹರಕುಮುರುಕು ಇಂಗ್ಲಿಷಿನಲ್ಲಿ, “ಸಿಗರೇಟಲ್ಲ ಸರ್, ದೇವರ ಊದುಬತ್ತಿ. ದಿನಾ ಸಂಜೆ ಅಲ್ಲೇ ಹಚ್ಚೋದು. ಇನ್ನು ಹಚ್ಚಲ್ಲ,” ಎಂದಳು.

ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡ. ಶೇಷಗಿರಿ ಮನಸ್ಸಿನಲ್ಲೇ ಮನೆದೇವರಿಗೆ ಮುಡಿಪು ಕಟ್ಟಿದ.

ಹೊರಟ ಅಧಿಕಾರಿ ಬಾಗಿಲಲ್ಲಿ ನಿಂತು, ಅಚ್ಚ ಕರಾವಳಿಯ ಕನ್ನಡದಲ್ಲಿ ಕೇಳಿದ:

“ಪಾಯಿಖಾನೆಯಲ್ಲಿ ದೇವರಿಗೆ ಊದುಬತ್ತಿ ಹಚ್ಚುದು ಯಾವ ಊರಲ್ಲಿ ಅಮ್ಮಾ?”